ಬ್ಯಾಂಕ್ ಹರಾಜಿನ ಸೈಟು: ಕೂಗುವ ಮೊದಲು ಪೂರ್ತಿ ದುಡ್ಡು ಎಣಿಸಿ

ಅಡಿಕೆಗೋ ಶುಂಠಿಗೋ ಒಂದು ವರ್ಷ ಒಳ್ಳೆ ಬೆಲೆ ಸಿಕ್ಕಿತು ಅಂದ್ಕೊಳ್ಳಿ. ಬೆಳೆ ಸಾಲ ತೀರಿಸಿ, ಮನೆ ಖರ್ಚು ಕಳೆದು ಐದಾರು ಲಕ್ಷ ಕೈಯಲ್ಲಿ ಉಳೀತು. ಅದೇ ಹೊತ್ತಿಗೆ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬರುತ್ತೆ: ‘ಬ್ಯಾಂಕ್ ಹರಾಜು. ಪೇಟೆಯಲ್ಲಿ 30-40 ಸೈಟು. ಮಾರ್ಕೆಟ್ ರೇಟಿಗಿಂತ ಕಡಿಮೆ. ಇಎಂಡಿ ಬರೀ 2 ಲಕ್ಷ!’ ಎಷ್ಟು ದಿನ ಅಂತ ಮಳೆ ನಂಬಿಕೊಂಡು ಕೂರೋದು, ಒಂದು ಸೈಟಾದರೂ ಇರಲಿ ಅನ್ನಿಸೋದು ಸಹಜ.

ಹರಾಜು ಅಂದ್ರೆ ಮೋಸ ಅಂತ ನಾನು ಹೇಳೋದಿಲ್ಲ. ಅದು ಕಾನೂನಿನ ಪ್ರಕಾರ ನಡೆಯುವ ಮಾರಾಟ. ಆದರೆ ನನ್ನ ಅಭಿಪ್ರಾಯ ಒಂದೇ: ಪೂರ್ತಿ ದುಡ್ಡು ಕೈಯಲ್ಲಿ ಇಲ್ಲದ ರೈತ ಹರಾಜು ಕೂಗಬಾರದು, ಹೊಲ ಅಡ ಇಟ್ಟು ತಂದ ದುಡ್ಡಲ್ಲಂತೂ ಕೂಗಲೇಬಾರದು. ಯಾಕೆ ಅಂತ ಲೆಕ್ಕ ಸಮೇತ ನೋಡೋಣ.

ಹರಾಜು ಹೇಗೆ ನಡೆಯುತ್ತೆ?

ಬ್ಯಾಂಕುಗಳು ಹರಾಜಿಗೆ ಇಡುವ ಮನೆ, ಸೈಟು, ಗೋಡೌನುಗಳಲ್ಲಿ ಹೆಚ್ಚಿನವು 2002ರ ಸರ್ಫೇಸಿ ಕಾಯ್ದೆಯಡಿ ಬರುತ್ತವೆ. ಸಾಲಗಾರ ಕಂತು ಕಟ್ಟದೆ ಸಾಲ ಎನ್‌ಪಿಎ ಆದರೆ ಬ್ಯಾಂಕು 60 ದಿನದ ನೋಟಿಸ್ ಕೊಡುತ್ತೆ. ಆಗಲೂ ಕಟ್ಟದಿದ್ದರೆ ಅಡ ಇಟ್ಟ ಆಸ್ತಿಯನ್ನು ಸ್ವಾಧೀನಕ್ಕೆ ತಗೊಂಡು ಹರಾಜು ಪ್ರಕಟಿಸುತ್ತೆ. ಸರ್ಕಾರಿ ಬ್ಯಾಂಕುಗಳ ಹರಾಜುಗಳನ್ನು ‘ಬ್ಯಾಂಕ್‌ನೆಟ್’ ಪೋರ್ಟಲ್‌ನಲ್ಲಿ ನೋಡಬಹುದು. ನೋಂದಣಿ ಮಾಡಿಕೊಂಡು, ಇಎಂಡಿ ಅಂದರೆ ಮುಂಗಡ ಠೇವಣಿ ಕಟ್ಟಿ ಮೊಬೈಲಿನಲ್ಲೇ ಕೂಗಬಹುದು. ಇಷ್ಟು ಸುಲಭ ಆಗಿರೋದೇ ಅಪಾಯ. ಬೆರಳು ಒತ್ತುವುದು ಕ್ಷಣದ ಕೆಲಸ, ದುಡ್ಡು ಹೊಂದಿಸುವುದು ಹಾಗಲ್ಲ.

2 ಲಕ್ಷದ ಲೆಕ್ಕ

ಸೈಟಿನ ಕನಿಷ್ಠ ಬೆಲೆ 20 ಲಕ್ಷ, ಇಎಂಡಿ ಅದರ ಶೇ.10, ಅಂದರೆ 2 ಲಕ್ಷ ಅಂತ ಇಟ್ಕೊಳ್ಳಿ. ಪೈಪೋಟಿಯಲ್ಲಿ ನೀವು 24 ಲಕ್ಷಕ್ಕೆ ಕೂಗಿ ಗೆದ್ದಿರಿ. ನಿಯಮದ ಪ್ರಕಾರ ಕೂಗಿದ ಬೆಲೆಯ ಶೇ.25, ಅಂದರೆ 6 ಲಕ್ಷ ರೂಪಾಯಿಯನ್ನು ಅದೇ ದಿನ, ತಪ್ಪಿದರೆ ಬ್ಯಾಂಕಿನ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು. ಇಎಂಡಿ 2 ಲಕ್ಷ ಕಳೆದರೆ ಇನ್ನೂ 4 ಲಕ್ಷ ಬೇಕು. ಉಳಿದ 18 ಲಕ್ಷವನ್ನು ಮಾರಾಟ ಖಚಿತವಾದ 15 ದಿನದೊಳಗೆ ಕಟ್ಟಬೇಕು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಗಡುವು ವಿಸ್ತರಿಸಬಹುದು. ಅದೂ ಮೂರು ತಿಂಗಳು ಮೀರುವಂತಿಲ್ಲ.

ಕಟ್ಟದಿದ್ದರೆ? ಆ 6 ಲಕ್ಷ ಪೂರ್ತಿ ಹೋಯ್ತು. ‘ಸ್ವಲ್ಪ ಹಿಡ್ಕೊಂಡು ಉಳಿದದ್ದು ವಾಪಸ್ ಕೊಡ್ತಾರೆ’ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. ಗೆದ್ದವರು ಬಾಕಿ ಕಟ್ಟದಿದ್ದಾಗ ಶೇ.25ರ ಠೇವಣಿ ಇಡೀ ಮುಟ್ಟುಗೋಲು ಹಾಕಿದ್ದು ಸರಿ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಎತ್ತಿ ಹಿಡಿದಿದೆ.

ಈಗ ಹೇಳಿ, 18 ಲಕ್ಷ ಹದಿನೈದು ದಿನದಲ್ಲಿ ಎಲ್ಲಿಂದ ಬರುತ್ತೆ? ಹೋಮ್ ಲೋನ್ ಆಗುತ್ತೆ ಅಂತ ಲೆಕ್ಕ ಹಾಕೋರು ಇದ್ದಾರೆ. ಕಾಗದ ಪರಿಶೀಲನೆ, ಮೌಲ್ಯಮಾಪನ ಮುಗಿಯುವಷ್ಟರಲ್ಲಿ ಗಡುವು ದಾಟಿರಬಹುದು. ಆಗ ಉಳಿಯುವ ದಾರಿ ಕೈಸಾಲ, ಇಲ್ಲ ಅಪ್ಪನ ಹೆಸರಿನ ತೋಟ ಅಡ. ಸೊಸೈಟಿಯಲ್ಲಿ 5 ಲಕ್ಷದವರೆಗೆ ಸಿಗುವ ಶೂನ್ಯ ಬಡ್ಡಿ ಬೆಳೆ ಸಾಲವನ್ನು ಇದಕ್ಕೆ ಸುರಿಯಲು ಹೊರಡೋರೂ ಇದ್ದಾರೆ. ಆ ಸಾಲ ಬೆಳೆಗೆ ಕೊಟ್ಟದ್ದು. ವಾಯಿದೆಗೆ ಸರಿಯಾಗಿ ಕಟ್ಟಿದರೆ ಮಾತ್ರ ಬಡ್ಡಿ ಶೂನ್ಯ. ಸೈಟು ವರ್ಷದೊಳಗೆ ಬೆಳೆ ಕೊಡೋದಿಲ್ಲ.

ಬೆಲೆ ಯಾಕೆ ಕಡಿಮೆ?

ಎಪಿಎಂಸಿಯಲ್ಲಿ ವ್ಯಾಪಾರಿ ಮೂಟೆಗೆ ಕೈ ಹಾಕಿ ಮಾಲು ನೋಡಿದ ಮೇಲೇ ಬೆಲೆ ಬರೀತಾನೆ. ರಾಮನಗರದ ರೇಷ್ಮೆ ಮಾರುಕಟ್ಟೆಯಲ್ಲೂ ರೀಲರು ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಕೂಗೋದಿಲ್ಲ. ಆದರೆ ಬ್ಯಾಂಕು ಆಸ್ತಿಯನ್ನು ‘ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ’ ಅನ್ನುವ ಷರತ್ತಿನಲ್ಲಿ ಮಾರುತ್ತೆ. ತೆರಿಗೆ ಬಾಕಿ, ಕರೆಂಟ್ ಬಿಲ್ ಬಾಕಿ, ಅಕ್ಕಪಕ್ಕದವರ ಒತ್ತುವರಿ, ಅಣ್ಣತಮ್ಮಂದಿರ ಪಾಲಿನ ದಾವೆ, ಇವೆಲ್ಲ ನಿಮ್ಮ ತಲೆಗೆ ಬರಬಹುದು.

ನೋಟಿಸಿನಲ್ಲಿ ಮೊದಲು ಹುಡುಕಬೇಕಾದ್ದು ಸ್ವಾಧೀನದ ವಿಷಯ. ‘ಸಾಂಕೇತಿಕ ಸ್ವಾಧೀನ’ ಅಂತ ಇದ್ದರೆ ಬ್ಯಾಂಕಿನ ಕೈಯಲ್ಲಿ ಇರೋದು ಕಾಗದ ಮಾತ್ರ. ಮನೆಯಲ್ಲಿ ಹಳೆಯ ಮಾಲೀಕನೋ ಬಾಡಿಗೆದಾರನೋ ಇನ್ನೂ ಕೂತಿರಬಹುದು. ‘ಭೌತಿಕ ಸ್ವಾಧೀನ’ ಅಂತ ಇದ್ದರೆ ಮಾತ್ರ ಬ್ಯಾಂಕು ಬೀಗ ಹಾಕಿದೆ ಅಂತ ಅರ್ಥ. ಹೊಸಬರು ಸಾಂಕೇತಿಕ ಸ್ವಾಧೀನದ ಆಸ್ತಿ ಕಡೆ ತಲೆ ಹಾಕದಿರುವುದು ಒಳ್ಳೇದು.

ಇನ್ನೊಂದು, ಕೋರ್ಟು. ಬ್ಯಾಂಕಿನ ಕ್ರಮ ಸರಿಯಿಲ್ಲ ಅಂತ ಸಾಲಗಾರ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿ, ಅಂದರೆ ಡಿಆರ್‌ಟಿಗೆ ಹೋಗಬಹುದು. ಹರಾಜಿನ ಪ್ರಕಟಣೆ ಹೊರಬಿದ್ದ ಮೇಲೆ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಸಾಲಗಾರನಿಗೆ ಇರೋದಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಕೊಳ್ಳುವವರಿಗೆ ಸ್ವಲ್ಪ ಭದ್ರತೆ ಬಂದಿದೆ. ಹಾಗಂತ ಕೇಸೇ ಬೀಳೋದಿಲ್ಲ ಅಂತಲ್ಲ. ಕೇಸು ಮುಗಿಯುವ ತನಕ ನಿಮ್ಮ ದುಡ್ಡು ಸಿಕ್ಕಿಹಾಕಿಕೊಂಡಿರುತ್ತೆ.

ಹೊಲವೇ ಹರಾಜಿಗೆ ಬಂದಿದ್ದರೆ?

ಇಲ್ಲಿ ಇನ್ನೂ ಎಚ್ಚರ ಬೇಕು. ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಆ ಕಾಯ್ದೆಯಡಿ ಪಹಣಿ ಇರುವ ಸಾಗುವಳಿ ಜಮೀನು ಹರಾಜಿಗೆ ಬಂದಿದ್ದರೆ, ಹೇಗೆ ಬಂತು ಅಂತ ವಕೀಲರನ್ನು ಕೇಳದೆ ಒಂದು ರೂಪಾಯಿನೂ ಕಟ್ಟಬೇಡಿ. ‘ಇದು ಕೃಷಿ ಭೂಮಿ, ಹರಾಜೇ ತಪ್ಪು’ ಅಂತ ಸಾಲಗಾರ ತಕರಾರು ತೆಗೆಯುವುದು ಖಂಡಿತ ಅಂತಲೇ ತಿಳ್ಕೊಳ್ಳಿ. ಸಹಕಾರಿ ಸಂಸ್ಥೆಗಳ ವಸೂಲಿ, ಕೋರ್ಟ್ ಡಿಕ್ರಿ ಹರಾಜುಗಳಿಗೆ ಬೇರೆ ಕಾನೂನು ಇದೆ. ಅಲ್ಲಿ ಜಮೀನು ಹರಾಜಾಗಬಹುದು.

ಕಾನೂನು ಬಿಟ್ಟು ಇನ್ನೊಂದು ಮಾತು. ಈ ರಾಜ್ಯದಲ್ಲಿ 1980ರ ದಶಕದಲ್ಲಿ ರೈತ ಸಂಘ, ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಊರ ಬಾಗಿಲಲ್ಲಿ ಬೋರ್ಡ್ ಹಾಕಿತ್ತು. ಸಾಲಕ್ಕೆ ಜಪ್ತಿ ಆಗೋದು ಅಂದ್ರೆ ಹಳ್ಳಿಯಲ್ಲಿ ಏನು ಅಂತ ನಮ್ಮ ಹಿರಿಯರಿಗೆ ಗೊತ್ತು. ಬೆಳೆ ಸೋತು ಕಂತು ತಪ್ಪಿದ ಪಕ್ಕದ ಹೊಲದವನ ನೆಲಕ್ಕೆ ನಾವೇ ಕೂಗೋಕೆ ಹೋದರೆ, ನಾಳೆ ಕಾಲುವೆ ನೀರಿಗೆ, ಬಂಡಿ ದಾರಿಗೆ ಯಾರ ಹತ್ರ ಹೋಗ್ತೀರಿ? ಕೂಗುವುದು ನಿಮ್ಮ ಹಕ್ಕು. ಆದರೂ ನಾನಾದರೆ ಕೂಗೋದಿಲ್ಲ.

ಕೂಗಲೇಬೇಕು ಅಂತಿದ್ದರೆ

1. ಕಾವೇರಿ 2.0ರಲ್ಲಿ ಋಣಭಾರ ಪತ್ರ, ಅಂದರೆ ಇಸಿ ತೆಗೀರಿ. ಅದರಲ್ಲಿ ಬರೋದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ಒತ್ತುವರಿ ಅದರಲ್ಲಿ ಕಾಣಿಸೋದಿಲ್ಲ.

2. ದಿಶಾಂಕ್ ಆ್ಯಪ್ ಹಿಡ್ಕೊಂಡು ಜಾಗದಲ್ಲೇ ನಿಂತು ಸರ್ವೆ ನಂಬರ್ ನೋಡಿ. ನೋಟಿಸಿನ ನಂಬರ್‌ಗೂ ಅದಕ್ಕೂ ತಾಳೆ ಆಗದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

3. ಇ-ಖಾತೆ ಕೇಳಿ. ಕೃಷಿ ಜಮೀನನ್ನು ಭೂ ಪರಿವರ್ತನೆ ಮಾಡಿಸದೆ ಕತ್ತರಿಸಿದ ಕಂದಾಯ ಸೈಟು ಎಷ್ಟೇ ಅಗ್ಗ ಆದರೂ ಬೇಡ. ಮುಂದೆ ಸಾಲಕ್ಕೂ ಮನೆ ಪರವಾನಗಿಗೂ ಅಲೆದಾಟ ತಪ್ಪೋದಿಲ್ಲ.

4. ಅಕ್ಕಪಕ್ಕದವರನ್ನು ಮಾತಾಡಿಸಿ. ಇಸಿಯಲ್ಲಿ ಸಿಗದ ಸುದ್ದಿ ಹತ್ತಿರದ ಟೀ ಅಂಗಡಿಯಲ್ಲಿ ಸಿಗುತ್ತೆ.

5. ವಕೀಲರಿಂದ ಕಾಗದ ನೋಡಿಸಿ, ಡಿಆರ್‌ಟಿಯಲ್ಲಿ ಕೇಸ್ ಇದೆಯಾ ಅಂತ ಕೇಳಿ. ಅವರ ಫೀಸು ಉಳಿಸೋಕೆ ಹೋಗಬೇಡಿ.

6. ಮೇಲಿನ ಖರ್ಚು ಸೇರಿಸಿ. ಸ್ಟ್ಯಾಂಪ್ ಡ್ಯೂಟಿ ಜೊತೆಗೆ ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ.1ರಿಂದ ಶೇ.2ಕ್ಕೆ ಏರಿದೆ.

7. ಇಎಂಡಿಯನ್ನು ಪೋರ್ಟಲ್ ಅಥವಾ ನೋಟಿಸಿನಲ್ಲಿರುವ ಖಾತೆಗೆ ಮಾತ್ರ ಕಟ್ಟಿ. ‘ಮ್ಯಾನೇಜರ್ ನಮ್ಮೋರೇ, ನನಗೆ ಫೋನ್‌ಪೇ ಮಾಡಿ’ ಅಂದವರ ನಂಬರ್ ಬ್ಲಾಕ್ ಮಾಡಿ.

ಮೊದಲ ಆರು ತಿಂಗಳು ಕೂಗದೆ ಬರೀ ನೋಡಿ. ನಿಮ್ಮ ತಾಲ್ಲೂಕಿನ ಎರಡು ಮೂರು ನೋಟಿಸ್ ಆರಿಸಿಕೊಂಡು, ಕೊಳ್ಳುವವರ ಹಾಗೇ ಜಾಗ ನೋಡಿ, ಇಸಿ ತೆಗೆದು, ನಿಮ್ಮ ಬೆಲೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹರಾಜು ಎಷ್ಟಕ್ಕೆ ನಿಂತಿತು, ಗೆದ್ದವರಿಗೆ ಬೀಗದ ಕೈ ಯಾವಾಗ ಸಿಕ್ಕಿತು ಅಂತ ವಿಚಾರಿಸಿ. ಅಷ್ಟರಲ್ಲಿ ಕೈಯಲ್ಲಿರುವ ಐದಾರು ಲಕ್ಷ ಬ್ಯಾಂಕಿನ ಠೇವಣಿಯಲ್ಲಿ ಇರಲಿ. ಇಡೀ 24 ಲಕ್ಷವೂ ಅದರ ಮೇಲಿನ ಖರ್ಚೂ ಸಾಲವಿಲ್ಲದೆ ಕೈಯಲ್ಲಿರುವ ದಿನ ಬಂದರೆ ಆಗ ಕೂಗಿ. ಅಲ್ಲಿಯವರೆಗೆ ತೋಟದ ಪಹಣಿಯಲ್ಲಿ ಹೊಸ ಸಾಲದ ನಮೂದು ಬೀಳದ ಹಾಗೆ ನೋಡಿಕೊಳ್ಳಿ.