ದೂರದ ಕಡಲು, ಮುಗಿಲ ಮೇಲಿನ ಗಾಳಿ

ಎಲ್ ನಿನೊ ಎಂಬ ಹೆಸರು ಪತ್ರಿಕೆಯಲ್ಲಿ ಕಂಡೊಡನೆ ಈ ವರ್ಷ ಮಳೆಯಿಲ್ಲವೆಂದು ನಿರ್ಧರಿಸಿ, ಗದ್ದೆಯನ್ನು ಬೀಳುಬಿಡಲು ಹೊರಡುವವರು ನಮ್ಮಲ್ಲಿದ್ದಾರೆ. ಹತ್ತು ಸಾವಿರ ಕಿಲೋಮೀಟರಿಗೂ ದೂರದ ಕಡಲು ನಮ್ಮ ಗದ್ದೆಯನ್ನು ಮುಟ್ಟುವ ಬಗೆ ತಿಳಿದರೆ, ಎಷ್ಟು ಅಂಜಬೇಕೆಂಬುದೂ ತಿಳಿದೀತು.

ಸಾಮಾನ್ಯ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ಬೆಚ್ಚನೆಯ ನೀರು ಪಶ್ಚಿಮದಲ್ಲಿ, ಇಂಡೋನೇಷ್ಯಾದ ಆಸುಪಾಸಿನಲ್ಲಿ ಶೇಖರಗೊಂಡಿರುತ್ತದೆ. ಅಲ್ಲಿ ಆವಿಯು ಮೋಡವಾಗುವಾಗ ಅದರಲ್ಲಡಗಿದ ಶಾಖ ಬಿಡುಗಡೆಯಾಗಿ ಗಾಳಿಯನ್ನು ಇನ್ನಷ್ಟು ಮೇಲೆತ್ತುತ್ತದೆ. ಮುಗಿಲಿನ ನೆತ್ತಿಯಲ್ಲಿ ಆ ಗಾಳಿ ಹರಡಿಕೊಂಡು ದೂರದಲ್ಲೆಲ್ಲೋ ಇಳಿಯುತ್ತದೆ. ಏರಿದಲ್ಲಿ ಮಳೆ, ಇಳಿದಲ್ಲಿ ಒಣಹವೆ. ಎಲ್ ನಿನೊ ವರ್ಷದಲ್ಲಿ ಬೆಚ್ಚನೆಯ ನೀರು ಪೂರ್ವಕ್ಕೆ ಸರಿಯುತ್ತದೆ. ಏರುಗಾಳಿ ಅದರ ಬೆನ್ನುಹತ್ತುತ್ತದೆ. ಇಳಿಗಾಳಿ ನಮ್ಮತ್ತ ಚಾಚುತ್ತದೆ.

ನಮ್ಮ ಮುಂಗಾರು ಮೋಡಗಳ ಮೇಲೆ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ, ಗಾಳಿಯ ಹೊಳೆಯೊಂದು ಹರಿಯುತ್ತದೆ. ಕೆಳಗೆ ಕೊಡೆ ಮಗುಚುವ ಗಾಳಿ ಪಡುವಣದ್ದು. ಇದು ಮೂಡಣದಿಂದ ಬೀಸುವಂಥದು. ಈ ಜೆಟ್ ಗಾಳಿಯನ್ನು 1958ರಲ್ಲಿ ವಿವರಿಸಿದವರು ನಮ್ಮ ದೇಶದವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಎಲ್ ನಿನೊ ವರ್ಷಗಳಲ್ಲಿ ಈ ಹೊಳೆ ಸಾಮಾನ್ಯವಾಗಿ ಸೊರಗುತ್ತದೆ, ಅದರೊಡನೆ ಮುಂಗಾರೂ.

ಸಾಮಾನ್ಯವಾಗಿ ಎಂದೆ, ಯಾವಾಗಲೂ ಅಲ್ಲ. 1997ರ ಎಲ್ ನಿನೊ ಶತಮಾನದ ಅತಿಪ್ರಬಲವಾದವುಗಳಲ್ಲೊಂದು. ಆದರೂ ಆ ವರ್ಷ ದೇಶದ ಮುಂಗಾರು ಸರಾಸರಿಗಿಂತ ತುಸು ಹೆಚ್ಚೇ ಆಯಿತು. ಹಿಂದೂ ಮಹಾಸಾಗರದ ಆಫ್ರಿಕಾ ಪಕ್ಕದ ನೀರು ಬೆಚ್ಚಗಾಗಿ ನಮ್ಮ ನೆರವಿಗೆ ಬಂದಿತ್ತೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ. 2002ರ ಎಲ್ ನಿನೊ ಅಷ್ಟು ಬಲವಾದುದಲ್ಲ. ಮಳೆ ಮಾತ್ರ ಶೇ. 19ರಷ್ಟು ಕೊರತೆಯಾಯಿತು. ಆಗ ಬಿಸಿ ನೆಲೆಸಿದ್ದುದು ಪೆಸಿಫಿಕ್ಕಿನ ನಡುಭಾಗದಲ್ಲಿ. ನೀರು ಎಷ್ಟು ಬಿಸಿಯಾಯಿತೆಂಬುದಷ್ಟೇ ಅಲ್ಲ, ಎಲ್ಲಿ ಬಿಸಿಯಾಯಿತೆಂಬುದೂ ಮುಖ್ಯ.

ತಿಂಗಳ ಲೆಕ್ಕವೂ ಬೇರೆಯೇ. 2023ರಲ್ಲಿ ದೇಶದ ಒಟ್ಟು ಮುಂಗಾರು ಸರಾಸರಿಯ ಶೇ. 94ರಷ್ಟಿತ್ತು. ಕಾಗದದ ಮೇಲೆ ಅದು ದೊಡ್ಡ ಕೊರತೆಯೆನಿಸದು. ಆದರೆ ಆ ಆಗಸ್ಟ್ 1901ರ ನಂತರದ ಅತ್ಯಂತ ಒಣ ಆಗಸ್ಟ್ ಆಗಿತ್ತು, ಕರ್ನಾಟಕ ಬರಪೀಡಿತವಾಯಿತು. ನಾಟಿ ಮುಗಿಸಿದವನಿಗೆ ದೇಶದ ಸರಾಸರಿಯಿಂದ ಆಗಬೇಕಾದುದೇನು?

ಆದಕಾರಣ ಏಪ್ರಿಲ್ಲಿನ ಒಂದು ಸುದ್ದಿಗೆ ಗದ್ದೆ ಬಿಡಬೇಡಿರಿ. ಸಸಿಮಡಿಯನ್ನು ಹದಿನೈದು ದಿನಗಳ ಅಂತರದಲ್ಲಿ ಎರಡು ಸಲ ಹಾಕಿರಿ. ಎರಡನೆಯದಕ್ಕೆ ಅಲ್ಪಾವಧಿ ತಳಿಯ ಬೀಜವಿರಲಿ. ಹವಾಮಾನ ಇಲಾಖೆ ವಾರಕ್ಕೊಮ್ಮೆ ಕೊಡುವ ಮುನ್ಸೂಚನೆಯನ್ನು ಊರಿನ ವಿದ್ಯಾರ್ಥಿಗಳು ಓದಿ ಹೇಳಲಿ. ಶಾಲೆಯಂಗಳದಲ್ಲೊಂದು ಮಳೆಮಾಪಕ ನಿಲ್ಲಿಸಿ ದಿನವೂ ಬರೆದಿಡಲಿ. ಪೆಸಿಫಿಕ್ಕಿನ ತಾಪ ಅಳೆಯಲು ಕಡಲಲ್ಲಿ ತೇಲು ಯಂತ್ರಗಳಿವೆ, ನಮ್ಮ ಕಣಿವೆಗೆ ಬಿದ್ದ ಮಳೆಯನ್ನು ನಾವೇ ಅಳೆಯಬೇಕು.