ಸೀಟು ಸಿಕ್ಕ ವಾರದ ದುಡ್ಡು

ಹಳದಿ ಮಾರ್ಗದ ಮೆಟ್ರೋವನ್ನು ಆರ್.ವಿ. ರೋಡಿನಲ್ಲಿ ಹತ್ತಿದರೆ ಮುಂದಿನ ನಿಲ್ದಾಣವೇ ರಾಗಿಗುಡ್ಡ. ಆಮೇಲೆ ಜಯದೇವ, ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್. ಹಾಗೇ ಹೋಗ್ತಾ ಎಲೆಕ್ಟ್ರಾನಿಕ್ ಸಿಟಿ ದಾಟಿದ ಕೂಡಲೇ ಒಂದು ಉದ್ದನೆಯ ಹೆಸರು ಕೇಳಿಸುತ್ತೆ: ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ. ಆ ನಿಲ್ದಾಣಕ್ಕೆ 200 ಕೋಟಿ ರೂಪಾಯಿ ಕೊಡ್ತೀವಿ ಅಂತ ಫೌಂಡೇಶನ್ 2018ರಲ್ಲಿ ಬಿಎಂಆರ್‌ಸಿಎಲ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಐದು ವರ್ಷ ಬಿಟ್ಟು, 2023ರ ಆಗಸ್ಟಿನಲ್ಲಿ, ಅದೇ ಫೌಂಡೇಶನ್ ‘ಸ್ಟೆಮ್ ಸ್ಟಾರ್ಸ್’ ಅನ್ನೋ ವಿದ್ಯಾರ್ಥಿವೇತನ ಘೋಷಿಸಿತು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದುವ 2,000ಕ್ಕೂ ಹೆಚ್ಚು ಹುಡುಗಿಯರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ನಾಲ್ಕು ವರ್ಷ. ಒಟ್ಟು 100 ಕೋಟಿಗೂ ಹೆಚ್ಚು.

ನಿಲ್ದಾಣಕ್ಕೆ ಇನ್ನೂರು, ಹುಡುಗಿಯರಿಗೆ ನೂರು ಅಂತ ಕೊಂಕು ತೆಗೆಯೋದು ಸುಲಭ. ನಾನು ತೆಗೆಯಲ್ಲ. ನಿಲ್ದಾಣವೂ ಬೇಕಿತ್ತು, ಇಂಟರ್ನ್‌ಶಿಪ್‌ಗೆ ಹೋಗುವಾಗ ಅದನ್ನ ಬಳಸೋರು ನಾವೇ. ಕಂಪನಿಗಳ ದುಡ್ಡು ಬಡ ಮಕ್ಕಳ ಎಂಜಿನಿಯರಿಂಗ್ ಓದಿಗೆ ಬರ್ತಾ ಇರೋದು ಒಳ್ಳೆಯದೇ. ಲಕ್ಷ ರೂಪಾಯಿ ಅಂದ್ರೆ ಸಿಇಟಿ ಸೀಟಿನ ಒಂದು ವರ್ಷದ ಫೀಸಿನ ಆಸುಪಾಸು, ಸಣ್ಣ ಮೊತ್ತವೇನಲ್ಲ. ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲ. ಆ ದುಡ್ಡು ಯಾರನ್ನ ಮುಟ್ಟುತ್ತೆ, ಅದಕ್ಕಿಂತ ಮುಖ್ಯವಾಗಿ ಯಾವಾಗ ಮುಟ್ಟುತ್ತೆ ಅನ್ನೋದರ ಬಗ್ಗೆ.

ಮೊದಲು ಒಂದು ಮಾತು. ಇದನ್ನೆಲ್ಲ ನಾವು ‘ದಾನ’ ಅಂತ ಕರೆದು ಸ್ವಲ್ಪ ಸಂಕೋಚದಲ್ಲೇ ಮಾತಾಡ್ತೀವಿ. ಕೊಡೋರ ಮುಂದೆ ತಕರಾರು ಮಾಡಬಾರದು ಅಂತ. ಆದರೆ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ಲಾಭ 5 ಕೋಟಿ ಮುಟ್ಟಿದ ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತೂ ಇದೆ. ಕಂಪನಿ ಎಲ್ಲಿ ಕೆಲಸ ಮಾಡುತ್ತೋ ಆ ಜಾಗಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಅಂದರೆ ಬನ್ನೇರುಘಟ್ಟ ರಸ್ತೆಯ ಗಾಜಿನ ಕಟ್ಟಡದ ಹಿಂದಿನ ಬೀದಿಯಲ್ಲಿರೋ ಸರ್ಕಾರಿ ಶಾಲೆಯ ಮಕ್ಕಳು ಆ ಕಟ್ಟಡದವರ ಹತ್ತಿರ ಕೇಳಿದರೆ ಅದು ಭಿಕ್ಷೆ ಅಲ್ಲ. ಹಾಗಾಗಿ ನಾವೂ ಸ್ವಲ್ಪ ನೇರವಾಗಿ ಮಾತಾಡಬಹುದು.

ಈಗ ಅರ್ಜಿ ಫಾರಂ ತೆಗೆಯಿರಿ. ಸ್ಟೆಮ್ ಸ್ಟಾರ್ಸ್ ಕೇಳೋದು ಏನು? ಹುಡುಗಿ 12ನೇ ತರಗತಿ ಮುಗಿಸಿ ಪದವಿಯ ಮೊದಲ ವರ್ಷಕ್ಕೆ ಸೇರಿರಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಬಾರದು. ಸೇರಿರೋ ಸಂಸ್ಥೆ ಎನ್‌ಐಆರ್‌ಎಫ್ ಪಟ್ಟಿಯಂಥ ಮಾನ್ಯತೆ ಇರೋ ಹೆಸರಾಂತ ಸಂಸ್ಥೆಯಾಗಿರಬೇಕು. ಇದೊಂದೇ ಅಲ್ಲ, ಕಂಪನಿಗಳ ಬಹುಪಾಲು ಸ್ಕಾಲರ್‌ಶಿಪ್‌ಗಳ ಫಾರಂ ಹೆಚ್ಚುಕಮ್ಮಿ ಹೀಗೇ ಇರುತ್ತೆ. ಕೆಲವದರಲ್ಲಿ ಪಿಯುಸಿ ಶೇಕಡಾವಾರು ಕೂಡ ಸೇರುತ್ತೆ.

8 ಲಕ್ಷವನ್ನ ಹನ್ನೆರಡರಿಂದ ಭಾಗಿಸಿ ನೋಡಿ. ತಿಂಗಳಿಗೆ 66 ಸಾವಿರ ಚಿಲ್ಲರೆ. ಬನಶಂಕರಿಯಲ್ಲಿ ಸ್ವಂತ ಮನೆ ಇದ್ದು, ತಿಂಗಳಿಗೆ ಅರವತ್ತೈದು ಸಾವಿರ ಸಂಬಳ ತರೋ ಅಪ್ಪನ ಮಗಳೂ ಅದೇ ಸಾಲಿನಲ್ಲಿ, ಬೊಮ್ಮನಹಳ್ಳಿ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗೋ ಅಮ್ಮನ ಮಗಳೂ ಅದೇ ಸಾಲಿನಲ್ಲಿ. ಆದಾಯ ಪತ್ರದ ಮುಂದೆ ಇಬ್ಬರೂ ‘ಅರ್ಹರು’. ಆಮೇಲೆ ಕಾಲೇಜಿನ ಶ್ರೇಯಾಂಕ ಅಂತ ಜರಡಿ ಹಿಡಿದರೆ ಯಾರು ಮೇಲೆ ಉಳೀತಾರೆ? ಎರಡು ವರ್ಷ ಕೋಚಿಂಗ್‌ಗೆ ಹೋದವಳು. ಇದರಲ್ಲಿ ಅವಳ ತಪ್ಪೇನಿಲ್ಲ, ಅವಳೂ ಕಷ್ಟಪಟ್ಟೇ ಓದಿರ್ತಾಳೆ. ಆದರೆ ‘ಅವಕಾಶ ವಂಚಿತರಿಗೆ’ ಅಂತ ಪೋಸ್ಟರ್ ಹಾಕಿ, ಅವಕಾಶ ಸಿಕ್ಕಿದ್ದಕ್ಕೆ ಸಾಕ್ಷಿ ಕೇಳೋದು ತಮಾಷೆಯಾಗಿದೆ ಅಲ್ವಾ?

‘ಎಲ್ಲಿಗೆ ಸೇರಿದ್ದೀಯ’ ಅನ್ನೋದರ ಬದಲು ‘ಎಲ್ಲಿಂದ ಬಂದೆ’ ಅಂತ ಕೇಳಿ ಅನ್ನೋದು ನನ್ನ ವಾದ. ಇದು ಹೊಸದೇನಲ್ಲ, ನಮ್ಮ ಸಿಇಟಿಯೇ ಎಷ್ಟೋ ವರ್ಷದಿಂದ ಕೇಳ್ತಾ ಇದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15 ಗ್ರಾಮೀಣ ಮೀಸಲಾತಿ, ಒಂದರಿಂದ ಹತ್ತು ಕನ್ನಡದಲ್ಲಿ ಓದಿದವರಿಗೆ ಶೇ 5 ಕನ್ನಡ ಮಾಧ್ಯಮ ಮೀಸಲಾತಿ. ನಮ್ಮ ಕ್ಲಾಸಿನಲ್ಲೇ ಆ ಕೋಟಾದಲ್ಲಿ ಬಂದವರು ಇದ್ದಾರೆ. ಅವರ ಫೈಲಿನಲ್ಲಿ ಬಿಇಓ ಸಹಿ ಇರೋ ವ್ಯಾಸಂಗ ಪ್ರಮಾಣಪತ್ರ ಇರುತ್ತೆ. ಆದಾಯ ಪತ್ರಕ್ಕಿಂತ ಆ ಒಂದು ಹಾಳೆ ಹೆಚ್ಚು ಸತ್ಯ ಹೇಳುತ್ತೆ ಅನ್ನೋದು ನನ್ನ ಅಭಿಪ್ರಾಯ. ಹತ್ತು ವರ್ಷ ಸರ್ಕಾರಿ ಕನ್ನಡ ಶಾಲೆಯಲ್ಲಿ ಕೂತಿದ್ದನ್ನ ಯಾರೂ ಸುಳ್ಳು ಮಾಡೋಕೆ ಹೋಗಲ್ಲ. ಸರ್ಕಾರದ ಕೈಲಿ ಈಗಾಗಲೇ ಇರೋ ಈ ಅಳತೆಗೋಲನ್ನ ಕಂಪನಿಗಳು ಯಾಕೆ ಬಳಸಲ್ಲ?

ಬಳಸಿದ ಉದಾಹರಣೆ ಇದೆ, ಅದೂ ಬೆಂಗಳೂರಿನಲ್ಲೇ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ. ಹತ್ತು ಮತ್ತು ಹನ್ನೆರಡನೇ ತರಗತಿಯನ್ನ ಸರ್ಕಾರಿ ಶಾಲಾ ಕಾಲೇಜಿನಲ್ಲಿ ಮುಗಿಸಿ ಡಿಗ್ರಿಗೋ ಡಿಪ್ಲೊಮಾಗೋ ಸೇರಿದ ಹುಡುಗಿಗೆ ಅದು ಸಿಗುತ್ತೆ. 2025ರಲ್ಲಿ ರಾಜ್ಯ ಸರ್ಕಾರದ ಜೊತೆ ಸೇರಿ ‘ದೀಪಿಕಾ’ ಅಂತ ಇಲ್ಲೂ ಶುರು ಮಾಡಿದರು. ಲೆಕ್ಕದ ಪ್ರಕಾರ ಇದು ಸಿಎಸ್‌ಆರ್ ಅಲ್ಲ, ಮಾಲೀಕರು ಬರೆದುಕೊಟ್ಟ ಷೇರುಗಳ ದುಡ್ಡು. ಮೊತ್ತವೂ ಸ್ಟೆಮ್ ಸ್ಟಾರ್ಸ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಕೇಳಿರೋ ಪ್ರಶ್ನೆ ಸರಿಯಾದದ್ದು.

ಡಿಪ್ಲೊಮಾದವರ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ನಮ್ಮಲ್ಲಿ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಬಂದವರನ್ನ ಕೇಳಿ ನೋಡಿ, ಎಸ್‌ಎಸ್‌ಎಲ್‌ಸಿ ಆದಮೇಲೆ ಪಾಲಿಟೆಕ್ನಿಕ್ ಯಾಕೆ ಸೇರಿದ್ರಿ ಅಂತ. ‘ಬೇಗ ಕೆಲಸಕ್ಕೆ ಸೇರಬೇಕಿತ್ತು’ ಅನ್ನೋ ಉತ್ತರ ಎಷ್ಟು ಸಲ ಬರುತ್ತೆ ಎಣಿಸಿ. ಇವರೇ ಅಲ್ವಾ ನಿಜವಾದ ಅರ್ಹರು? ಆದರೆ ‘12ನೇ ತರಗತಿ, ಮೊದಲ ವರ್ಷ’ ಅಂತ ಬರೆದ ಕೂಡಲೇ ಇವರು ಫಾರಂನ ಮೊದಲ ಸಾಲಿನಲ್ಲೇ ಹೊರಗೆ. ಎಐಸಿಟಿಇಯ ‘ಪ್ರಗತಿ’ ಸ್ಕಾಲರ್‌ಶಿಪ್ ವರ್ಷಕ್ಕೆ 50,000 ಕೊಡುತ್ತೆ, ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತೆ. ಸರ್ಕಾರಕ್ಕೆ ಹೊಳೆದದ್ದು ಕಾರ್ಪೊರೇಟ್‌ಗೆ ಹೊಳೀಲಿಲ್ಲ, ಅಪರೂಪದ ಸಂಗತಿ. ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕೋ ವಿಶ್ವೇಶ್ವರಯ್ಯನವರು ಭದ್ರಾವತಿ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಿದ್ದ ಸಂಭಾವನೆಯನ್ನ ಒಂದು ವೃತ್ತಿ ಶಿಕ್ಷಣ ಸಂಸ್ಥೆಗೆ ಕೊಡಿಸಿದರು, ಅದಕ್ಕೆ ತಮ್ಮ ಹೆಸರಿನ ಬದಲು ಜಯಚಾಮರಾಜೇಂದ್ರರ ಹೆಸರು ಇಡಿಸಿದರು. ಅದೇ ಇವತ್ತಿನ ಎಸ್‌ಜೆಪಿ. ಡಿಪ್ಲೊಮಾ ಓದೋ ಹುಡುಗರ ಮೇಲೆ ದುಡ್ಡು ಹಾಕೋದು ಈ ಊರಿನ ಹಳೇ ಬುದ್ಧಿ.

ಇನ್ನು ಸಮಯ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದು.

ಸಿಇಟಿ ಸೀಟು ಹಂಚಿಕೆಯ ದಿನ ನೆನಪಿಸಿಕೊಳ್ಳಿ. ಪಟ್ಟಿ ಬಂತು, ಚಾಯ್ಸ್ 1 ಒತ್ತಿದ್ರಿ. ಅಲ್ಲಿಂದ ಫೀಸು ಕಟ್ಟೋಕೆ ಸಿಗೋದು ಕೆಲವೇ ದಿನ. ಕಟ್ಟದಿದ್ದರೆ ಸೀಟು ಹೋಯ್ತು, ಕತೆ ಮುಗೀತು. ಎಸ್‌ಸಿ, ಎಸ್‌ಟಿ, ಕ್ಯಾಟಗರಿ-1ರವರು ಆದಾಯ ಮಿತಿಯೊಳಗಿದ್ದರೆ ಅವರಿಗೆ ಸರ್ಕಾರದ ಶುಲ್ಕ ವಿನಾಯಿತಿ ಇದೆ, ಎಸ್‌ಎನ್‌ಕ್ಯೂ ಸಿಕ್ಕವರಿಗೂ ಬೋಧನಾ ಶುಲ್ಕ ಇಲ್ಲ. ಉಳಿದವರು ಆ ಕೆಲವೇ ದಿನದಲ್ಲಿ ಲಕ್ಷದ ಹತ್ತಿರದ ಮೊತ್ತ ಹೊಂದಿಸಬೇಕು. ವಿನಾಯಿತಿ ಇದ್ದವರಿಗೂ ಪಿಜಿ ಅಡ್ವಾನ್ಸ್, ಲ್ಯಾಪ್‌ಟಾಪ್, ಯೂನಿಫಾರಂ, ಮೊದಲ ತಿಂಗಳ ಊಟ ತಪ್ಪಲ್ಲ. ಬಿಟಿಎಂನಲ್ಲಿ ನಾಲ್ಕು ಜನ ಹಂಚಿಕೊಳ್ಳೋ ರೂಮಿಗೂ ಮೊದಲ ದಿನವೇ ಅಡ್ವಾನ್ಸ್ ಎಣಿಸಬೇಕು.

ಸ್ಕಾಲರ್‌ಶಿಪ್ ಯಾವಾಗ ಬರುತ್ತೆ? ಮೊದಲು ನೀವು ಸೇರಿರಬೇಕು. ಆಮೇಲೆ ಫೀಸು ಕಟ್ಟಿದ ರಸೀದಿ ಅಪ್‌ಲೋಡ್ ಮಾಡಬೇಕು, ಬೋನಫೈಡ್ ತರಬೇಕು. ಪರಿಶೀಲನೆ, ಫೋನ್ ಇಂಟರ್‌ವ್ಯೂ, ಆಯ್ಕೆ ಎಲ್ಲ ಆಗಿ ಖಾತೆಗೆ ಬೀಳೋ ಹೊತ್ತಿಗೆ ಮೊದಲ ಸೆಮಿಸ್ಟರಿನ ಪರೀಕ್ಷೆಯೇ ಬಂದಿರುತ್ತೆ. ರಸೀದಿ ಇಟ್ಟವರಿಗೆ ದುಡ್ಡು ಅಂದ್ರೆ, ಹೇಗೋ ದುಡ್ಡು ಹೊಂದಿಸಿದವರಿಗೇ ದುಡ್ಡು ಅಂತ ಅರ್ಥ. ಹೊಂದಿಸಲಾಗದೆ ಚಾಯ್ಸ್ 4 ಒತ್ತಿ ಮನೆಗೆ ಹೋದವಳು ಯಾವ ಫೌಂಡೇಶನ್ನಿನ ವಾರ್ಷಿಕ ವರದಿಯಲ್ಲೂ ಕಾಣಿಸಲ್ಲ. ಅವಳು ಅರ್ಜಿಯನ್ನೇ ಹಾಕಿಲ್ಲವಲ್ಲ, ತಿರಸ್ಕೃತಳೂ ಅಲ್ಲ.

ನಡುವಿನ ಆ ನಾಲ್ಕೈದು ತಿಂಗಳನ್ನ ದಾಟಿಸೋದು ಯಾರು? ಅಮ್ಮನ ಮಾಂಗಲ್ಯ ಸರ. ಗಲ್ಲಿಗೊಂದು ಚಿನ್ನದ ಸಾಲದ ಅಂಗಡಿ ಸುಮ್ಮನೆ ಇಲ್ಲ. ನನ್ನ ಬೆಂಚಿನ ಗೆಳತಿಯೊಬ್ಬಳಿಗೆ ಮೊದಲ ವರ್ಷ ಒಂದು ಖಾಸಗಿ ಸ್ಕಾಲರ್‌ಶಿಪ್ ಬಂತು. ಬಂದ ದುಡ್ಡಿನಲ್ಲಿ ಒಳ್ಳೇ ಪಾಲು ಬಡ್ಡಿಗೆ ಹೋಯ್ತು. ಕೊಟ್ಟವರ ಲೆಕ್ಕದಲ್ಲಿ ಅದು ‘ಶಿಕ್ಷಣ’, ಅವಳ ಲೆಕ್ಕದಲ್ಲಿ ಅದು ಒಡವೆ ಬಿಡಿಸಿಕೊಂಡಿದ್ದು.

ಹಾಗಾಗಿ ಇನ್ನೊಂದು ಹೊಸ ಸ್ಕಾಲರ್‌ಶಿಪ್ ಘೋಷಿಸೋ ಬದಲು ಯಾವುದಾದರೂ ಕಂಪನಿ ಸೀಟು ಸಿಕ್ಕ ವಾರದಲ್ಲೇ ಕೆಇಎಗೋ ಕಾಲೇಜಿಗೋ ನೇರವಾಗಿ ಫೀಸು ತುಂಬೋ ನಿಧಿ ಮಾಡಲಿ. ಸರ್ಕಾರದ ಸ್ಕಾಲರ್‌ಶಿಪ್ ಬಂದಮೇಲೆ ಅಷ್ಟು ವಾಪಸ್ ತಗೊಳ್ಳಲಿ, ಬಡ್ಡಿ ಬೇಡ. ಒಂದೇ ದುಡ್ಡು ಮುಂದಿನ ವರ್ಷ ಇನ್ನೊಬ್ಬರಿಗೆ ಸಿಗುತ್ತೆ. ಸಿಇಟಿ ಅರ್ಜಿಯಲ್ಲೇ ಗ್ರಾಮೀಣ, ಕನ್ನಡ ಮಾಧ್ಯಮ ಅಂತ ದಾಖಲಾಗಿರೋರ ಪಟ್ಟಿ ಕೆಇಎ ಹತ್ತಿರ ಇದೆ. ಹುಡುಗಿ ಒಪ್ಪಿದರೆ ಒಂದು ಟಿಕ್ ಗುರುತಿನಲ್ಲಿ ಅರ್ಜಿಯೇ ಮುಗೀಬಹುದು. ಅತಿಯಾಸೆ ಅನ್ನಿಸಿದರೆ ‘ಶಕ್ತಿ’ ಯೋಜನೆ ನೋಡಿ. 2023ರ ಜೂನ್‌ನಿಂದ ರಾಗಿಗುಡ್ಡದ ಹುಡುಗಿ ಆಧಾರ್ ತೋರಿಸಿ ಬಸ್ಸು ಹತ್ತಿ ಕಾಲೇಜಿಗೆ ಹೋಗ್ತಾಳೆ. ಪ್ರಬಂಧ ಬರೆಸಲ್ಲ, ‘ನಿನ್ನ ಕನಸೇನು’ ಅಂತ ಕಂಡಕ್ಟರ್ ಕೇಳಲ್ಲ. ಆಯ್ಕೆ ಸಮಿತಿ ಇಲ್ಲದೆ ನಡೀತಿರೋ ದೊಡ್ಡ ವಿದ್ಯಾರ್ಥಿವೇತನ ಅದು. (ಹುಡುಗರು ಟಿಕೆಟ್ ತಗೊಳ್ಳಿ, ಅದು ಬೇರೆ ಲೇಖನ.)

ನಮ್ಮ ಅಜ್ಜಂದಿರ ಕಾಲದಲ್ಲಿ ಇದೇ ಸಮಸ್ಯೆಗೆ ವಾರಾನ್ನ ಅಂತ ಒಂದು ಪದ್ಧತಿ ಇತ್ತು. ಓದೋಕೆ ಊರು ಬಿಟ್ಟು ಬಂದ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಂಡು ಓದ್ತಿದ್ದ. ಅದನ್ನ ಹೊಗಳೋಕೆ ಹೋಗಲ್ಲ; ಯಾವ ಜಾತಿಯ ಹುಡುಗನಿಗೆ ಯಾರ ಮನೆ ಬಾಗಿಲು ತೆಗೀತಿತ್ತು ಅನ್ನೋದು ಎಲ್ಲರಿಗೂ ಗೊತ್ತು, ಹುಡುಗಿಯರ ಮಾತಂತೂ ಬಿಡಿ. ಮಠಗಳ, ಸಂಘಗಳ ಹಾಸ್ಟೆಲುಗಳು ಬಂದು ಆ ಬಾಗಿಲು ಅಗಲ ಆಯ್ತು, ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಊಟ ಹಾಕಿದರು. ಆದರೆ ವಾರಾನ್ನದವರಿಗೆ ಒಂದು ಗೊತ್ತಿತ್ತು: ಊಟ ಹಸಿವಾದ ದಿನ ಹಾಕಬೇಕು, ರಸೀದಿ ತಂದ ಮೇಲಲ್ಲ.

ಕಂಪ್ಯೂಟರ್ ಲ್ಯಾಬ್‌ಗಳ ಬಗ್ಗೆ ಹೆಚ್ಚು ಬರೆಯಲ್ಲ. ರಿಬ್ಬನ್ ಕತ್ತರಿಸಿ, ಬೋರ್ಡು ಹಾಕಿ, ಫೋಟೋ ತೆಗೆಸಿಕೊಂಡ ಮೇಲೆ ಕಲಿಸೋರಿಲ್ಲದೆ ಬೀಗ ಬಿದ್ದ ರೂಮುಗಳನ್ನ ನೀವೂ ನೋಡಿರ್ತೀರಿ. ಸಿಎಸ್‌ಆರ್ ನಿಯಮದಲ್ಲಿ ಒಂದು ಯೋಜನೆಗೆ ಶುರುವಾದ ವರ್ಷ ಬಿಟ್ಟು ಗರಿಷ್ಠ ಮೂರು ವರ್ಷ ಅಂತ ಮಿತಿ ಇದೆ. ಒಂದು ಬಿ.ಇ. ಮುಗಿಸೋಕೆ ಅಷ್ಟು ಸರಿಯಾಗುತ್ತೆ. ಎಂಟನೇ ಕ್ಲಾಸಿನ ಹುಡುಗಿಯನ್ನ ಎಂಜಿನಿಯರಿಂಗ್ ಬಾಗಿಲಿಗೆ ತರೋಕೆ ಸಾಕಾಗಲ್ಲ. ಈ ಮಿತಿ ಬದಲಾಗಬೇಕು ಅಂತ ಕಂಪನಿಗಳೇ ದೆಹಲಿಯಲ್ಲಿ ಕೇಳಬಹುದು, ಬೇರೆ ವಿಷಯಕ್ಕೆಲ್ಲ ಕೇಳ್ತಾರಲ್ಲ.

‘ಕಂಪನಿಯವರು ನಮ್ಮ ಕ್ಲಬ್ಬಿನ ಪತ್ರಿಕೆ ಓದ್ತಾರಾ ಮಗಾ?’ ಅಂತ ಸಂಪಾದಕರು ಕೇಳಿದರು. ಓದಲಿಕ್ಕಿಲ್ಲ. ಆದರೆ ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಅರ್ಧ ಜನ ಅದೇ ಕಂಪನಿಗಳ ಐಡಿ ಕಾರ್ಡ್ ಹಾಕ್ಕೊಂಡಿರ್ತೀವಿ. ‘ಸಿಎಸ್‌ಆರ್ ವಾಲಂಟಿಯರ್ ಬೇಕು’ ಅಂತ ಮೇಲ್ ಬರುತ್ತೆ, ಶನಿವಾರ ಗೋಡೆಗೆ ಬಣ್ಣ ಹೊಡೆಯೋಕೆ. ಆವತ್ತು ಬಣ್ಣದ ಬ್ರಷ್ಷು ಹಿಡಿಯೋ ಮೊದಲು ಈ ಫಾರಂ ವಿಷಯ ಕೇಳಿ.

ಅಲ್ಲಿವರೆಗೆ ಕೈಲಾಗೋದು ಒಂದಿದೆ. ಈ ಫಾರಂಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ ಮಾತ್ರ ಇವೆ. ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅಂದ್ರೆ ಏನು ಅಂತ ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಹೇಳೋರಿಲ್ಲ. ಸಿಇಟಿ ಸೀಟು ಹಂಚಿಕೆಯ ವಾರ ನಮ್ಮ ಕ್ಲಬ್ಬಿನಿಂದ ಜಯನಗರ, ಬನಶಂಕರಿ ಸುತ್ತಿನ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಎರಡು ಟೇಬಲ್, ನಾಲ್ಕು ಲ್ಯಾಪ್‌ಟಾಪ್ ಇಟ್ಟು ಕೂರೋಣ ಅಂತ ಮಾತಾಗಿದೆ. ಆರ್‌ಡಿ ನಂಬರ್ ಎಲ್ಲಿ ಹಾಕಬೇಕು, ಎಸ್‌ಎಸ್‌ಪಿಗೂ ಎನ್‌ಎಸ್‌ಪಿಗೂ ಏನು ವ್ಯತ್ಯಾಸ, ಆಧಾರಿಗೆ ಖಾತೆ ಜೋಡಿಸಿದೆಯಾ ಅಂತ ನೋಡೋದು ಹೇಗೆ, ಇಷ್ಟು ಗೊತ್ತಿದ್ದರೆ ಸಾಕು. ಕಳೆದ ವರ್ಷ ಇದೇ ಫಾರಂ ತುಂಬಿ ಬೆವರಿದ ಮೊದಲ ವರ್ಷದವರು ಬಂದರೆ ಇನ್ನೂ ಒಳ್ಳೆಯದು. ನೀವು ಮರೆತಿರಲ್ಲ.