ಸರದಿಯಲ್ಲಿ ಮೊದಲು ಯಾವುದು?

1933ರ ಮಾರ್ಚ್ 9ರಂದು ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರು ತಾವು ಓದಿಯೇ ಇರದ ಒಂದು ಮಸೂದೆಯ ಚರ್ಚೆಗೆ ಕೂತರು. ಸೋಮಾರಿತನವೇನಲ್ಲ, ಹಂಚಲು ಅಚ್ಚಾದ ಪ್ರತಿಗಳೇ ಇರಲಿಲ್ಲ. ಇದ್ದ ಕರಡನ್ನು ಗಟ್ಟಿಯಾಗಿ ಓದಿ ಹೇಳಿದರು. ಚರ್ಚೆಗೆ ಸಿಕ್ಕಿದ್ದು ನಲವತ್ತು ನಿಮಿಷ. ಸಂಜೆ ಸೆನೆಟ್ 73-7 ಮತಗಳಿಂದ ಒಪ್ಪಿತು. ಅಧಿಕಾರ ವಹಿಸಿಕೊಂಡು ಐದು ದಿನವಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದೇ ರಾತ್ರಿ ಸಹಿ ಹಾಕಿದರು. ದೇಶದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿಕೊಂಡಿದ್ದ ವಾರ ಅದು, ಮಸೂದೆ ಅವನ್ನು ಮತ್ತೆ ತೆರೆಯಿಸುವುದಕ್ಕಾಗಿ. ಭಾನುವಾರ ರಾತ್ರಿ ಅವರು ರೇಡಿಯೋ ಮುಂದೆ ಕೂತು, ಬ್ಯಾಂಕಿನಲ್ಲಿಟ್ಟ ದುಡ್ಡು ಏನಾಗುತ್ತದೆ ಎಂಬುದನ್ನು ಮನೆಮಂದಿಗೆ ತಿಳಿಹೇಳುವ ಹಾಗೆ ವಿವರಿಸಿದರು. ಸೋಮವಾರ ಬ್ಯಾಂಕುಗಳು ತೆರೆದಾಗ ಜನ ದುಡ್ಡು ಕಟ್ಟಲು ಸಾಲು ನಿಂತಿದ್ದರು.

ಮುಂದೆ ಬಂದ ಪ್ರತಿಯೊಬ್ಬ ಅಧ್ಯಕ್ಷನ ಕೊರಳಿಗೂ ಆ ವಾರ ಗಂಟುಬಿತ್ತು. ಮಾರ್ಚ್ 9ರಿಂದ ಜೂನ್ 16ರವರೆಗೆ ನಡೆದ ಆ ಅಧಿವೇಶನದಲ್ಲಿ ಹದಿನೈದು ದೊಡ್ಡ ಕಾಯ್ದೆಗಳಾದವು. ರೂಸ್‌ವೆಲ್ಟ್ ಅದನ್ನು ‘ನೂರು ದಿನ’ ಎಂದು ಕರೆದರು. ಅಲ್ಲಿಂದೀಚೆಗೆ ಹೊಸಬರು ಬಂದಾಗಲೆಲ್ಲ ಪತ್ರಿಕೆಗಳು ಕ್ಯಾಲೆಂಡರ್ ಹಿಡಿದು ಕೂರುತ್ತವೆ. ನಮ್ಮಲ್ಲೂ ಈ ಚಟ ಹತ್ತಿದೆ. ಹೊಸ ಸರ್ಕಾರಕ್ಕೆ ನೂರು ದಿನ ತುಂಬಿತೆಂದರೆ ಬೆಳಗಿನ ಪೇಪರಿನ ಮುಖಪುಟದಲ್ಲಿ ಸುದ್ದಿಯ ಬದಲು ಮುಖ್ಯಮಂತ್ರಿಗಳ ನಗುಮುಖ.

ಈ ಅಳತೆಗೋಲೇ ಡೊಂಕು ಎಂಬುದು ನನ್ನ ವಾದ. ಹೊಸ ಅಧ್ಯಕ್ಷನನ್ನು ಎಷ್ಟು ಕಾಯ್ದೆ ತಂದೆ ಎಂದು ಕೇಳುವುದಕ್ಕಿಂತ, ಯಾವುದನ್ನು ಮುಂದಿಟ್ಟೆ, ಅದಕ್ಕಾಗಿ ಯಾವುದನ್ನು ಕೈಬಿಟ್ಟೆ ಎಂದು ಕೇಳಬೇಕು.

1933ನ್ನೇ ಹತ್ತಿರದಿಂದ ನೋಡಿ. ಅಷ್ಟು ಬೇಗ ಬೆಂದ ಆ ಬ್ಯಾಂಕ್ ಮಸೂದೆಯ ಅಕ್ಕಿ ನೆನೆಸಿದವರು ಬೇರೆ. ಸೋತು ಮನೆಗೆ ಹೊರಟಿದ್ದ ಅಧ್ಯಕ್ಷ ಹೂವರ್ ಅವರ ಖಜಾನೆ ಅಧಿಕಾರಿಗಳು ಅದರ ಬಹುಪಾಲು ಕೆಲಸ ಮುಗಿಸಿಟ್ಟಿದ್ದರು. ಅದೇ ನೂರು ದಿನದ ಎರಡು ಹೆಮ್ಮೆಯ ಕಾಯ್ದೆಗಳು ಬಾಳಲಿಲ್ಲ. ಕೈಗಾರಿಕೆಗೆ ಸಂಬಂಧಿಸಿದ್ದನ್ನು ಸುಪ್ರೀಂ ಕೋರ್ಟ್ 1935ರಲ್ಲಿ, ಕೃಷಿಗೆ ಸಂಬಂಧಿಸಿದ್ದನ್ನು 1936ರಲ್ಲಿ ತಳ್ಳಿಹಾಕಿತು. ರೂಸ್‌ವೆಲ್ಟ್ ಹೆಸರಿನ ಜೊತೆ ಇವತ್ತಿಗೂ ಅಂಟಿಕೊಂಡಿರುವ ವೃದ್ಧಾಪ್ಯ ಪಿಂಚಣಿಯ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಆದದ್ದು 1935ರ ಆಗಸ್ಟ್‌ನಲ್ಲಿ, ಅಂದರೆ ಮೂರನೇ ವರ್ಷ. ಬೆಂಕಿ ಬಿದ್ದ ಮನೆಗೆ ನೀರು ಹೊಯ್ಯಲು ಅವಸರ ಬೇಕು, ಒಪ್ಪೋಣ. ಮನೆ ಕಟ್ಟುವುದಕ್ಕೂ ಅದೇ ಅವಸರ ಮಾಡಿದರೆ ಗೋಡೆ ನಿಲ್ಲುವುದಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಅಮೆರಿಕದ ಅಧ್ಯಕ್ಷ ಒಂದು ಮಸೂದೆಯನ್ನೂ ಮಂಡಿಸುವಂತಿಲ್ಲ. ಶಿಫಾರಸು ಮಾಡಬಹುದು, ಅಷ್ಟೇ. ಮಂಡಿಸಬೇಕಾದವರು ಕಾಂಗ್ರೆಸ್ ಎಂದು ಕರೆಯುವ ಅಲ್ಲಿನ ಸಂಸತ್ತಿನ ಸದಸ್ಯರು. ನಮ್ಮಲ್ಲಿ ಮಂತ್ರಿಯೇ ಮಸೂದೆ ತರುತ್ತಾನೆ, ಪಕ್ಷ ವಿಪ್ ಕೊಡುತ್ತದೆ. 1985ರ ಪಕ್ಷಾಂತರ ನಿಷೇಧ ಬಂದ ಮೇಲಂತೂ ಮೀರಿದವನ ಸದಸ್ಯತ್ವಕ್ಕೇ ಸಂಚಕಾರ. ಅಲ್ಲಿ ಹಾಗಿಲ್ಲ. ಸ್ವಂತ ಪಕ್ಷದ ಅಧ್ಯಕ್ಷನ ವಿರುದ್ಧ ಮತ ಹಾಕಿಯೂ ಸದಸ್ಯ ನೆಮ್ಮದಿಯಾಗಿ ಮಲಗಬಹುದು. ಟ್ರಂಪ್ ಮೊದಲ ಸಲ ಗೆದ್ದಾಗ ಒಬಾಮಾ ಆರೋಗ್ಯ ಕಾಯ್ದೆಯನ್ನು ಕಿತ್ತುಹಾಕುವುದೇ ಮೊದಲ ಕೆಲಸ ಎಂದು ಹೊರಟರು. 2017ರ ಜುಲೈ 28ರ ನಡುರಾತ್ರಿ ಅವರದೇ ಪಕ್ಷದ ಸೆನೆಟರ್ ಜಾನ್ ಮೆಕೇನ್ ಎದ್ದು ಬಂದು ಹೆಬ್ಬೆರಳನ್ನು ಕೆಳಗೆ ಮಾಡಿದರು. ಮಸೂದೆ 49-51ರಿಂದ ಬಿತ್ತು. ಇಂಥ ಸಂಸತ್ತಿನ ಎದುರು ಅಧ್ಯಕ್ಷನ ಕೈಯಲ್ಲಿ ನಿಜವಾಗಿ ಇರುವುದು ಒಂದೇ: ಸರದಿ ಹಚ್ಚುವುದು.

ಸರದಿ ಹಚ್ಚುವ ವಿದ್ಯೆಯಲ್ಲಿ ಲಿಂಡನ್ ಜಾನ್ಸನ್ ಅವರನ್ನು ಮೀರಿಸಿದವರಿಲ್ಲ. 1963ರ ನವೆಂಬರ್ 22ರಂದು ಕೆನಡಿ ಕೊಲೆಯಾದರು. ಐದನೇ ದಿನ ಜಾನ್ಸನ್ ಕಾಂಗ್ರೆಸ್ಸಿನ ಮುಂದೆ ನಿಂತು ಎರಡು ಕೆಲಸ ಕೇಳಿದರು: ಕರಿಯರ ನಾಗರಿಕ ಹಕ್ಕುಗಳ ಮಸೂದೆ ಮತ್ತು ತೆರಿಗೆ ಇಳಿಕೆ. ಎರಡೂ ಕೆನಡಿ ಕಾಲದವು, ಎರಡೂ ಸಮಿತಿಗಳಲ್ಲಿ ಹೂತಿದ್ದವು. ನಾಗರಿಕ ಹಕ್ಕುಗಳ ಮಸೂದೆ ಸೆನೆಟ್ಟಿಗೆ ಬಂದರೆ ದಕ್ಷಿಣದ ಸೆನೆಟರುಗಳು ಮುಗಿಯದ ಭಾಷಣಕ್ಕೆ ನಿಲ್ಲುತ್ತಾರೆ, ಬೇರೆ ಕೆಲಸವೆಲ್ಲ ಅದರ ಹಿಂದೆ ಕೊಳೆಯುತ್ತದೆ ಎಂಬುದು ಹನ್ನೆರಡು ವರ್ಷ ಸೆನೆಟರ್ ಆಗಿದ್ದ ಅವರಿಗೆ ಗೊತ್ತಿತ್ತು. ಶಿರಾಡಿ ಘಾಟಿಯಲ್ಲಿ ಒಂದು ಟ್ಯಾಂಕರ್ ಅಡ್ಡ ಮಲಗಿದ ರಾತ್ರಿ ಬಸ್ಸಿನಲ್ಲಿ ಕೂತಿದ್ದವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಮೊದಲು ಬಸ್ಸನ್ನು ದಾಟಿಸಬೇಕು, ಆಮೇಲೆ ಟ್ಯಾಂಕರ್.

ಹಾಗಾಗಿ ತೆರಿಗೆ ಮಸೂದೆ ಮೊದಲು. ಅದು ಹಣಕಾಸು ಸಮಿತಿಯ ಹ್ಯಾರಿ ಬರ್ಡ್ ಎಂಬ ವರ್ಜೀನಿಯಾದ ಮುದುಕರ ಮುಷ್ಟಿಯಲ್ಲಿತ್ತು. ಬಜೆಟ್ ಹತ್ತು ಸಾವಿರ ಕೋಟಿ ಡಾಲರ್ ದಾಟಬಾರದು, ದಾಟಿದರೆ ಮಸೂದೆ ಬಿಡುವುದಿಲ್ಲ ಎಂಬುದು ಅವರ ಹಟ. ಜಾನ್ಸನ್ ಖರ್ಚು ಕತ್ತರಿಸಿ ಕತ್ತರಿಸಿ 9,790 ಕೋಟಿಗೆ ತಂದು ಅವರ ಮುಂದಿಟ್ಟರು. 1964ರ ಫೆಬ್ರವರಿ 26ರಂದು ತೆರಿಗೆ ಕಾಯ್ದೆಗೆ ಸಹಿ ಬಿತ್ತು. ಈಗ ದಾರಿಯಲ್ಲಿ ಒತ್ತೆಯಾಳಾಗಿ ಹಿಡಿದಿಟ್ಟುಕೊಳ್ಳಲು ಏನೂ ಉಳಿದಿರಲಿಲ್ಲ. ದಕ್ಷಿಣದವರು ಮಾತಾಡಿದರು, ತಿಂಗಳುಗಟ್ಟಲೆ ಮಾತಾಡಿದರು. ಜೂನ್ 10ರಂದು ಸೆನೆಟ್ 71-29ರಿಂದ ಅವರ ಭಾಷಣಕ್ಕೆ ತೆರೆ ಎಳೆಯಿತು. ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆಯಾಯಿತು. ನೂರು ದಿನದ ಕ್ಯಾಲೆಂಡರ್ ಹಿಡಿದವರ ಲೆಕ್ಕದಲ್ಲಿ ಇದು ತಡ. ಆ ಶತಮಾನದಲ್ಲಿ ಅದಕ್ಕಿಂತ ದೊಡ್ಡ ಕಾಯ್ದೆ ಅಲ್ಲಿ ಆಗಲಿಲ್ಲ ಎಂದೇ ನಾನು ಹೇಳುತ್ತೇನೆ.

ಅದೇ ವರ್ಷದ ಕೊನೆಗೆ ಒಂದೂವರೆ ಕೋಟಿಗೂ ಹೆಚ್ಚು ಮತಗಳ ಅಂತರದಿಂದ ಗೆದ್ದ ಮೇಲೂ ಜಾನ್ಸನ್ ಮೈಮರೆಯಲಿಲ್ಲ. ಗೆಲುವು ಮಂಜುಗಡ್ಡೆ, ಕೈಯಲ್ಲಿ ಹಿಡಿದಷ್ಟು ಹೊತ್ತೂ ಕರಗುತ್ತದೆ ಎಂಬ ಅರಿವು ಅವರಿಗಿತ್ತು. 1965ರಲ್ಲಿ ವೃದ್ಧರ ವೈದ್ಯಕೀಯ ವಿಮೆ, ಶಾಲೆಗಳಿಗೆ ಅನುದಾನ, ಮತದಾನದ ಹಕ್ಕು, ಎಲ್ಲವೂ ಆದವು. ಮರುವರ್ಷ ಅವರ ಪಕ್ಷ ಪ್ರತಿನಿಧಿ ಸಭೆಯಲ್ಲಿ 47 ಸ್ಥಾನ ಕಳೆದುಕೊಂಡಿತು.

ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡವರ ಕಥೆ ಬೇಗ ಮುಗಿಯುತ್ತದೆ. ಜಿಮ್ಮಿ ಕಾರ್ಟರ್ ಪ್ರಾಮಾಣಿಕ ಮನುಷ್ಯ. ಎರಡೂ ಸದನಗಳಲ್ಲಿ ಅವರ ಪಕ್ಷಕ್ಕೆ ಭಾರಿ ಬಹುಮತವಿತ್ತು. 1977ರ ಫೆಬ್ರವರಿಯಲ್ಲಿ, ಬಂದು ತಿಂಗಳಾಗಿತ್ತೋ ಇಲ್ಲವೋ, ಹತ್ತೊಂಬತ್ತು ಜಲ ಯೋಜನೆಗಳ ಹಣ ನಿಲ್ಲಿಸಲು ಹೊರಟರು. ಯಾರದೋ ಕ್ಷೇತ್ರದ ಅಣೆಕಟ್ಟಿಗೆ ಕೈಹಾಕಿದರೆ ಏನಾಗುತ್ತದೆ ಎಂದು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಮಹತ್ವಾಕಾಂಕ್ಷೆಯ ಇಂಧನ ನೀತಿ ಮುಂದಿಟ್ಟಾಗ ಒಲವಿನಿಂದ ಕೈಯೆತ್ತುವವರು ಉಳಿದಿರಲಿಲ್ಲ. ಅದು ಕಾಯ್ದೆಯಾಗಲು 1978ರ ನವೆಂಬರ್ ಬರಬೇಕಾಯಿತು, ಅದೂ ಸಾಕಷ್ಟು ಸೊರಗಿ. ನಾಲ್ಕು ವರ್ಷದ ಮೇಲೆ ಬಂದ ರೇಗನ್ ತೆರಿಗೆ ಮತ್ತು ಬಜೆಟ್ ಬಿಟ್ಟು ಬೇರೇನೂ ಕೇಳಲಿಲ್ಲ. ಪ್ರತಿನಿಧಿ ಸಭೆ ವಿರೋಧ ಪಕ್ಷದ ಕೈಯಲ್ಲಿದ್ದರೂ ಆಗಸ್ಟ್ ಹೊತ್ತಿಗೆ ಎರಡೂ ಸಿಕ್ಕವು. ಅವರ ತೆರಿಗೆ ನೀತಿ ನನಗೆ ಒಪ್ಪಿಗೆಯಿಲ್ಲ. ಸರದಿ ಹಚ್ಚಿದ ಬಗೆ ಮಾತ್ರ ಒಪ್ಪುವಂಥದ್ದು.

ಒಬಾಮಾ ವಿಷಯ ಇಷ್ಟು ಸುಲಭವಲ್ಲ. 2009ರಲ್ಲಿ ಮೊದಲ ತಿಂಗಳೇ 78,700 ಕೋಟಿ ಡಾಲರಿನ ಆರ್ಥಿಕ ಚೇತರಿಕೆ ಕಾಯ್ದೆ ಮಾಡಿಸಿದರು. ಆಮೇಲೆ ಆರೋಗ್ಯವೂ ಬೇಕು, ಹವಾಮಾನವೂ ಬೇಕು ಎಂದರು. ಹವಾಮಾನ ಮಸೂದೆಯನ್ನು ಪ್ರತಿನಿಧಿ ಸಭೆ ಜೂನ್ 26ರಂದು 219-212ರಿಂದ ಅಂಗೀಕರಿಸಿತು. ಸೆನೆಟ್ ಅದನ್ನು ಮತಕ್ಕೇ ಹಾಕಲಿಲ್ಲ. ಕಲ್ಲಿದ್ದಲು ಸೀಮೆಯಿಂದ ಗೆದ್ದುಬಂದಿದ್ದ ಸದಸ್ಯರು ಕಷ್ಟಪಟ್ಟು ಕೈಯೆತ್ತಿದ್ದರು. ವರ್ಜೀನಿಯಾದ ರಿಕ್ ಬೌಚರ್ ಎಂಬವರು ಇಪ್ಪತ್ತೆಂಟು ವರ್ಷ ಕಾಯ್ದುಕೊಂಡಿದ್ದ ಕ್ಷೇತ್ರವನ್ನು 2010ರಲ್ಲಿ ಕಳೆದುಕೊಂಡರು. ಆಗದ ಕಾಯ್ದೆಗಾಗಿ ಅವರು ಮತ ಕೊಟ್ಟಿದ್ದರು. ಆರೋಗ್ಯ ಕಾಯ್ದೆಯನ್ನು ಮುಂದಿಟ್ಟದ್ದು ಸರಿ, ಅದು ಮೂರು ಸಲ ಸುಪ್ರೀಂ ಕೋರ್ಟಿನಲ್ಲೂ ಒಂದು ಸಲ ಮೆಕೇನ್ ಹೆಬ್ಬೆರಳಿನಲ್ಲೂ ಉಳಿದುಕೊಂಡಿತು. ತನ್ನವರಿಂದ ಎರಡು ಸಲ ಬೆಲೆ ಕೊಡಿಸಿ ಒಂದೇ ಸರಕು ಮನೆಗೆ ತಂದದ್ದು ತಪ್ಪು.

ಮೊದಲ ವರ್ಷದಲ್ಲೇ ತರುತ್ತೇನೆ ಎಂದು ಒಬಾಮಾ 2008ರ ಪ್ರಚಾರದಲ್ಲಿ ಹೇಳಿದ್ದ ಮೂರನೆಯದೂ ಒಂದಿತ್ತು: ವಲಸೆ ಸುಧಾರಣೆ. ಇದು ನಮ್ಮ ಮನೆಬಾಗಿಲಿಗೆ ಬರುವ ವಿಷಯ.

ನನ್ನ ಚಿಕ್ಕಪ್ಪನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಪ್ರತಿ ತಿಂಗಳು ಅಲ್ಲಿನ ವಿದೇಶಾಂಗ ಇಲಾಖೆ ‘ವೀಸಾ ಬುಲೆಟಿನ್’ ಹೊರಡಿಸುತ್ತದೆ. ಅವನ ಹೆಂಡತಿ ಅದನ್ನು ಪಂಚಾಂಗ ಎನ್ನುತ್ತಾಳೆ. ಗ್ರೀನ್ ಕಾರ್ಡ್ ಅರ್ಜಿಯ ದಿನಕ್ಕೆ ಅಲ್ಲಿ ಇಟ್ಟ ಹೆಸರು ‘ಪ್ರಯಾರಿಟಿ ಡೇಟ್’, ಅಂದರೆ ಆದ್ಯತೆಯ ದಿನಾಂಕ. ಯಾರಿಗೆ ಆದ್ಯತೆಯೋ!

“ಏನಪ್ಪಾ, ಮುಂದೆ ಹೋಯ್ತಾ?” ಎಂದು ಕೇಳುತ್ತೇನೆ.

“ಎರಡು ವಾರ ಹೋಗಿದೆ ಅಣ್ಣ. ಹೋದ ಸಲ ಇದ್ದಲ್ಲೇ ಇತ್ತು. ಮಗಳಿಗೆ ಇಪ್ಪತ್ತೊಂದಾಗೋದರೊಳಗೆ ಬಂದರೆ ಸಾಕು.”

ಎರಡು ವರ್ಷದ ಕೂಸಾಗಿ ಮೈಸೂರಿನಿಂದ ಹೋದ ಆ ಹುಡುಗಿ ಈಗ ಕಾರು ಓಡಿಸುತ್ತಾಳೆ. ಇಪ್ಪತ್ತೊಂದು ತುಂಬಿದರೆ ಅಪ್ಪನ ಅರ್ಜಿಯ ನೆರಳು ಅವಳಿಗೆ ತಪ್ಪಬಹುದು. 2025ರಲ್ಲಿ ಇಬಿ-2 ಎಂಬ ಉದ್ಯೋಗ ವರ್ಗದ ಭಾರತೀಯರ ಸಾಲಿನಲ್ಲಿ ಸರದಿ ಬರುತ್ತಿದ್ದುದು 2013ರ ಆಸುಪಾಸಿನಲ್ಲಿ ಅರ್ಜಿ ಹಾಕಿದವರದು.

ಈ ಬಾಗಿಲು ತೆರೆದದ್ದೂ ಜಾನ್ಸನ್ನರ ಸರದಿಯೇ. 1965ರ ಜನವರಿ 13ರಂದು, ಎರಡನೇ ಪ್ರಮಾಣವಚನಕ್ಕೆ ವಾರವಿರುವಾಗ, ವಲಸೆ ಕಾಯ್ದೆ ಬದಲಿಸಿ ಎಂದು ಅವರು ಕಾಂಗ್ರೆಸ್ಸಿಗೆ ಸಂದೇಶ ಕಳಿಸಿದರು. ಅದುವರೆಗೆ ಭಾರತಕ್ಕೆ ವರ್ಷಕ್ಕೆ ನಿಗದಿಯಾಗಿದ್ದ ವೀಸಾ ನೂರು. ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಸಹಿ ಹಾಕಿದ ಕಾಯ್ದೆ ಆ ಮಿತಿಯನ್ನು ಇಪ್ಪತ್ತು ಸಾವಿರಕ್ಕೆ ಏರಿಸಿತು. ಇವತ್ತು ಅಮೆರಿಕದ ಊರೂರುಗಳಲ್ಲಿ ರಾಜ್ಯೋತ್ಸವ ಮಾಡುವ ಕನ್ನಡ ಕೂಟಗಳ ಬೇರು ಅಲ್ಲಿದೆ. ಪೂರ್ವಾರ್ಧಗೋಳದ ದೇಶ ಚಿಕ್ಕದಿರಲಿ ದೊಡ್ಡದಿರಲಿ ಎಲ್ಲಕ್ಕೂ ಒಂದೇ ಮಿತಿ ಎಂಬ ಹೊಸ್ತಿಲನ್ನು ಕೂಡಿಸಿದ್ದೂ ಅದೇ ಕಾಯ್ದೆ. 1990ರಲ್ಲಿ ಅದು ಒಟ್ಟು ಸಂಖ್ಯೆಯ ಶೇ 7 ಎಂದಾಯಿತು.

ಈ ಮಿತಿ ತೆಗೆಯಬೇಕೆಂಬುದಕ್ಕೆ ಭಾರಿ ವಿರೋಧವೇನೂ ಇದ್ದಂತಿಲ್ಲ. ಉದ್ಯೋಗದ ಗ್ರೀನ್ ಕಾರ್ಡುಗಳ ಮೇಲಿನ ಮಿತಿ ತೆಗೆಯುವ ಮಸೂದೆಯನ್ನು 2019ರ ಜುಲೈನಲ್ಲಿ ಪ್ರತಿನಿಧಿ ಸಭೆ 365-65ರಿಂದ ಒಪ್ಪಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಅದರದೇ ಬೇರೊಂದು ರೂಪವನ್ನು ಅವಿರೋಧವಾಗಿ ಒಪ್ಪಿತು. ಎರಡನ್ನೂ ಕೂಡಿಸಲು ಪುರುಸೊತ್ತಾಗಲಿಲ್ಲ, ಅವಧಿ ಮುಗಿಯಿತು, ಮಸೂದೆ ಸತ್ತಿತು. ಎಲ್ಲರಿಗೂ ಒಪ್ಪಿಗೆಯಿದ್ದರೂ ಯಾರಿಗೂ ಮೊದಲನೆಯದಾಗದ ಮಸೂದೆಯ ಹಣೆಬರಹ ಇದು.

ಈಚೆಗೆ ಸರದಿ ಹಚ್ಚುವವನು ಅಧ್ಯಕ್ಷನೂ ಅಲ್ಲ, ಒಂದು ಜರಡಿ. ಸೆನೆಟ್ಟಿನಲ್ಲಿ ಸಾಮಾನ್ಯ ಮಸೂದೆ ದಾಟಲು 60 ಮತ ಬೇಕು. ಬಜೆಟ್ಟಿಗೆ ಸಂಬಂಧಪಟ್ಟದ್ದಾದರೆ 51 ಸಾಕು. ಹಾಗಾಗಿ ಹೊಸ ಅಧ್ಯಕ್ಷ ದೇಶಕ್ಕೆ ಬೇಕಾದ್ದನ್ನು ಬಿಟ್ಟು ಜರಡಿಯಲ್ಲಿ ಇಳಿಯುವುದನ್ನು ಮುಂದಿಡುತ್ತಾನೆ. ಬೈಡನ್ 2021ರ ಮಾರ್ಚ್ 11ರಂದು 1.9 ಲಕ್ಷ ಕೋಟಿ ಡಾಲರಿನ ಪರಿಹಾರ ಕಾಯ್ದೆಗೆ ಸಹಿ ಹಾಕಿದ್ದು ಹೀಗೆ. ಅದರಲ್ಲಿ ಮಕ್ಕಳಿರುವ ಮನೆಗಳಿಗೆ ಹಣ ಕೊಡುವ ಏರ್ಪಾಡಿತ್ತು, ಒಂದೇ ವರ್ಷಕ್ಕೆ. 2021ರಲ್ಲಿ ಬಡ ಮಕ್ಕಳ ಪ್ರಮಾಣ ಶೇ 5.2ಕ್ಕೆ ಇಳಿಯಿತು, ಹಣ ನಿಂತ ಮರುವರ್ಷ ಶೇ 12.4. ಹತ್ತು ಬಾಬ್ತು ತುರುಕುವ ಬದಲು ಇದೊಂದನ್ನು ಕಾಯಂ ಮಾಡಿದ್ದರೆ ಸಾಕಿತ್ತು ಎಂದು ನನಗೆ ಅನಿಸುತ್ತದೆ. ಅದೇ ವರ್ಷ ಡೆಮಾಕ್ರಟರು ವಲಸೆಯನ್ನೂ ಈ ಜರಡಿಗೆ ಹಾಕಿ ನೋಡಿದರು. ಸೆನೆಟ್ಟಿನ ನಿಯಮಾಧಿಕಾರಿ ಮೂರು ಸಲ ವಾಪಸು ಕಳಿಸಿದರು.

ಜರಡಿಯೂ ಬೇಡವೆಂದರೆ ಉಳಿಯುವುದು ಆದೇಶ. 2025ರಲ್ಲಿ ಟ್ರಂಪ್ ಮೊದಲ ನೂರು ದಿನದಲ್ಲಿ 140ಕ್ಕೂ ಹೆಚ್ಚು ಆದೇಶ ಹೊರಡಿಸಿದರು, ಸಹಿ ಹಾಕಿದ ಕಾಯ್ದೆ ಐದು. ಸೆಪ್ಟೆಂಬರ್ 19ರ ಶುಕ್ರವಾರ ಎಚ್‌-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಬಂತು. ಊರಿಗೆ ಬಂದಿದ್ದವರು ಟಿಕೆಟ್ ಬದಲಿಸಿ ವಿಮಾನ ನಿಲ್ದಾಣಕ್ಕೆ ಓಡಿದರು. ಇದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಮರುದಿನ ಬಂತು. ಇದನ್ನು ಅದೇ ವರ್ಷದ ದೊಡ್ಡ ತೆರಿಗೆ ಮಸೂದೆಯ ಜೊತೆ ಹೋಲಿಸಿ. ಅಲ್ಲಿಂದ ಊರಿಗೆ ಕಳಿಸುವ ದುಡ್ಡಿನ ಮೇಲೆ ಶೇ 5 ತೆರಿಗೆ ಎಂದು ಶುರುವಾದದ್ದು ಪ್ರತಿನಿಧಿ ಸಭೆಯಲ್ಲಿ 3.5ಕ್ಕೆ, ಸೆನೆಟ್ಟಿನಲ್ಲಿ 1ಕ್ಕೆ ಇಳಿಯಿತು, ಬ್ಯಾಂಕ್ ಖಾತೆಯಿಂದ ಕಳಿಸುವವರಿಗೆ ಅದೂ ಇಲ್ಲವಾಯಿತು. ಕಾಯ್ದೆಯ ದಾರಿ ನಿಧಾನ, ಆದರೆ ದಾರಿಯಲ್ಲಿ ನಾಲ್ಕು ಜನ ಕೇಳುವವರಿರುತ್ತಾರೆ.

ಎರಡು ವರ್ಷಕ್ಕೆ ಮಧ್ಯಂತರ ಚುನಾವಣೆ ಬರುತ್ತದೆ, ಬಹುಮತ ಹೋಗುತ್ತದೆ, ಕೈಲಾದಷ್ಟು ಬಾಚಿಕೊಳ್ಳಬೇಕಲ್ಲವೇ ಎಂದು ಕೇಳಬಹುದು. ಭಯ ಸುಳ್ಳಲ್ಲ. ರೂಸ್‌ವೆಲ್ಟ್ ಕಾಲದಿಂದ ಈಚೆಗೆ ಅಧ್ಯಕ್ಷನ ಪಕ್ಷ ಪ್ರತಿನಿಧಿ ಸಭೆಯಲ್ಲಿ ಸ್ಥಾನ ಕಳೆದುಕೊಳ್ಳದ ಮಧ್ಯಂತರ ಚುನಾವಣೆಗಳು ಮೂರೇ: 1934, 1998, 2002. ಹೊತ್ತು ಕಡಿಮೆ ಎಂಬ ಕಾರಣಕ್ಕೇ ಆರಿಸಬೇಕು ಎನ್ನುತ್ತೇನೆ. ಹಿಂದಿನವರು ಬೇಯಿಸಿಟ್ಟದ್ದೊಂದು ಇದ್ದರೆ ಮೊದಲು ಅದನ್ನು ಇಳಿಸಿಕೊಳ್ಳಲಿ. ಹಿರಿಯ ಬುಷ್ ಎರಡು ಸಲ ತಡೆಹಿಡಿದಿದ್ದ ಕುಟುಂಬ ರಜೆ ಕಾಯ್ದೆಗೆ ಕ್ಲಿಂಟನ್ 1993ರಲ್ಲಿ ಹದಿನಾರನೇ ದಿನ ಸಹಿ ಹಾಕಿದ ಹಾಗೆ. ಆಮೇಲೆ ದೊಡ್ಡದೊಂದು, ಅದಕ್ಕೆ ಪೂರ್ತಿ ವರ್ಷ. ಉಳಿದವರಿಗೆ, ನಿಮ್ಮದು ಈ ಸಲ ಇಲ್ಲ ಎಂದು ಮುಖ ನೋಡಿ ಹೇಳುವ ಎದೆಗಾರಿಕೆ. ಕಾಯುವವರನ್ನು ಹೆಚ್ಚು ಸುಡುವುದು ‘ಇಲ್ಲ’ ಎಂಬ ಮಾತಲ್ಲ, ಪ್ರತಿ ಸಲವೂ ಪಟ್ಟಿಯಲ್ಲಿ ಹೆಸರು ಬರೆದು ಪಕ್ಕಕ್ಕಿಡುವುದು.

2021ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಬೈಡನ್ ತಮ್ಮ ವಲಸೆ ಮಸೂದೆಯನ್ನು ಕಾಂಗ್ರೆಸ್ಸಿಗೆ ಕಳಿಸಿದರು. ಉದ್ಯೋಗದ ಗ್ರೀನ್ ಕಾರ್ಡಿಗೆ ದೇಶವಾರು ಮಿತಿ ತೆಗೆಯುವ ಮಾತು ಅದರಲ್ಲಿತ್ತು. ಎರಡು ಸದನಗಳಲ್ಲಿ ಒಂದರಲ್ಲೂ ಅದು ಮತಕ್ಕೆ ಬರಲಿಲ್ಲ.